ನಲವತ್ತೊಂದು ಕೇರಿ ಕಾಣೆ

ಇನ್ನೂರ ಹನ್ನೆರಡು ಇರಬೇಕಿತ್ತು, ಬಂದದ್ದು ನೂರ ಎಪ್ಪತ್ತೊಂದು. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಒಮ್ಮೆ ಎಣಿಸಿ, ಹತ್ತೂವರೆಗೆ ಇನ್ನೊಮ್ಮೆ ಎಣಿಸಿ, ಹನ್ನೊಂದಕ್ಕೆ ಅಮಿತಾ ಕಂಪ್ಯೂಟರಿಗೆ ಬೈಯಲು ಶುರುಮಾಡಿದಳು. ಹೊಸನಗರದ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಅವಳ ಕಚೇರಿ. ಪಕ್ಕದ ಕೋಣೆಯಲ್ಲಿ ಟೈಲರ್ ನಾರಾಯಣಮೂರ್ತಿಯ ಹೊಲಿಗೆ ಯಂತ್ರ. ನಡುವಿನ ಗೋಡೆ ಪ್ಲೈವುಡ್ಡಿನದು. ಅವಳ ಬೈಗುಳ ಜೋರಾದಾಗಲೆಲ್ಲ ಆ ಕಡೆಯ ಯಂತ್ರ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆತ ಕಿವಿಗೊಟ್ಟು ಕೇಳಲು ನಿಲ್ಲಿಸುತ್ತಾನೆಂದು ಅವಳಿಗೂ ಗೊತ್ತಿತ್ತು.

ಅಮಿತಾಳಿಗೆ ನಲವತ್ತಮೂರು. ಸಾಗರದ ಆಚೆ ಕಲ್ಲುಕೊಪ್ಪ ಎಂಬ ಹನ್ನೊಂದು ಮನೆಗಳ ಕೇರಿಯಲ್ಲಿ, ಹವ್ಯಕರ ಮನೆಯಲ್ಲಿ ಹುಟ್ಟಿ, ಸಾಗರದಲ್ಲಿ ಬಿ.ಕಾಂ. ಮುಗಿಸಿ, ಹೊಸನಗರದ ಶ್ರೀರಂಗನನ್ನು ಮದುವೆಯಾಗಿ ಬಂದವಳು. ಶ್ರೀರಂಗನದು ಸಣ್ಣ ಪ್ರೆಸ್ಸು. ಅಲ್ಲಿ ಹದಿನಾಲ್ಕು ವರ್ಷ ಅವಳು ಮದುವೆ, ಉಪನಯನ, ಗೃಹಪ್ರವೇಶಗಳ ಕರೆಯೋಲೆ ಟೈಪು ಮಾಡಿದಳು. ಕರೆಯೋಲೆಯಲ್ಲಿ ದೇವರ ಹೆಸರು ಬಿಟ್ಟರೂ ನಡೆದೀತು, ಚಿಕ್ಕಪ್ಪನ ಹೆಸರು ಬಿಟ್ಟರೆ ಮದುವೆಯ ಚಪ್ಪರವೇ ಅಲ್ಲಾಡೀತು. ಹದಿನಾಲ್ಕು ವರ್ಷದಲ್ಲಿ ಅವಳ ಕೈಯಿಂದ ಒಂದು ಹೆಸರೂ ಬಿಟ್ಟುಹೋಗಿರಲಿಲ್ಲ. ಈ ಹೆಚ್ಚುಗಾರಿಕೆಯನ್ನು ಅವಳು ತಾನಾಗಿ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಯಾರಾದರೂ ಹೇಳಿದರೆ ಬೇಡವೆನ್ನುತ್ತಲೂ ಇರಲಿಲ್ಲ. ಆಮೇಲೆ ಕರೆಯೋಲೆಗಳು ಫೋನಿನಲ್ಲೇ ಬರತೊಡಗಿದವು, ಶ್ರೀರಂಗ ಫ್ಲೆಕ್ಸ್ ಹಾಕುವ ಯಂತ್ರ ತಂದ, ಅಮಿತಾ ಮಲೆನಾಡು ಕಾವಲು ಬಳಗಕ್ಕೆ ಸೇರಿದಳು.

ಈ ಬಳಗದ ಕೆಲಸ ಮಂಗನ ಕಾಯಿಲೆಗೆ ಸಂಬಂಧಿಸಿದ್ದು. ಚಳಿಗಾಲ ಕಳೆಯುತ್ತ ಬಂದಂತೆ ಕಾಡಿನಲ್ಲಿ ಮಂಗಗಳು ಸಾಯುತ್ತವೆ, ಅವುಗಳ ಮೈಮೇಲಿದ್ದ ಉಣುಗು ತರಗೆಲೆಯ ಮೇಲೆ ಹರಿದಾಡುತ್ತದೆ, ಸೊಪ್ಪಿಗೆ ಸೌದೆಗೆ ಹೋದವರ ಕಾಲು ಹತ್ತುತ್ತದೆ. ಆಮೇಲೆ ಜ್ವರ, ಮೈಕೈ ಒಡೆಯುವ ನೋವು. ಕೆಲವರು ಏಳುತ್ತಾರೆ, ಕೆಲವರು ಏಳುವುದಿಲ್ಲ. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಗಳನ್ನು ಜ್ವರದ ಕಾಲಕ್ಕೆ ಮೊದಲೇ ಮನೆಮನೆಗೆ ಮುಟ್ಟಿಸುವುದು ಬಳಗದ ಜವಾಬ್ದಾರಿ. ಹೋದ ವರ್ಷ ಅದನ್ನು ಬೇಕಾಬಿಟ್ಟಿ ಹಂಚಿ, ಒಬ್ಬರ ಮನೆಯ ನಾಗಂದಿಗೆಯ ಮೇಲೆ ಹತ್ತು ಬಾಟಲಿ, ಅದೇ ಊರಿನ ಹತ್ತು ಮನೆಗೆ ಒಂದೂ ಇಲ್ಲ ಎಂದಾಗಿತ್ತು. ಅದನ್ನು ನೋಡಿ ಉರಿದುಹೋದ ಅಮಿತಾ ಈ ವರ್ಷ ತಾನೇ ಒಂದು ಕಾಯ್ದೆ ಮಾಡಿದ್ದಳು: ಪಟ್ಟಿಯಲ್ಲಿರುವ ಮನೆಗೆ ಎರಡು ಬಾಟಲಿ, ಪಟ್ಟಿಯಲ್ಲಿಲ್ಲದ ಮನೆಗೆ ಯಾರು ಬಂದು ಹೇಳಿದರೂ ಒಂದು ಹನಿ ಇಲ್ಲ.

ಪಟ್ಟಿ ತಯಾರಾಗುವುದು ನಕ್ಷೆಯಿಂದ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ಮುಕ್ತ ನಕ್ಷೆ ಇಂಟರ್‌ನೆಟ್ಟಿನಲ್ಲಿದೆ. ಬೇಸಿಗೆಯಲ್ಲಿ ಬಳಗದ ಕಾರ್ಯಕರ್ತರು ಫೋನು ಹಿಡಿದು ಒಂದೊಂದು ಕೇರಿಯನ್ನೂ ಸುತ್ತಿ ಅದರಲ್ಲಿ ಗೆರೆ ಬರೆದಿದ್ದರು. ತೀರ್ಥಹಳ್ಳಿಯ ಕಾಲೇಜಿನ ಹುಡುಗಿಯರು ಉಪಗ್ರಹದ ಚಿತ್ರ ನೋಡಿ ಕಂಡ ಕಂಡ ಮಾಡುಗಳನ್ನೆಲ್ಲ ಮನೆಯೆಂದು ಗುರುತು ಹಾಕಿದ್ದರು. ಈ ನಕ್ಷೆಯನ್ನು ಇಳಿಸಿಕೊಂಡು ಕಚೇರಿಯ ಡೇಟಾಬೇಸಿಗೆ ತುಂಬಿದರೆ, ಸುತ್ತು ಮುಗಿದ ಗೆರೆಯೆಲ್ಲ ಒಂದೊಂದು ಪಾಲಿಗಾನ್ ಆಗುತ್ತದೆ. ಯಾವ ಮನೆ ಯಾವ ಪಾಲಿಗಾನಿನ ಒಳಗೆ ಬೀಳುತ್ತದೋ ಅದು ಆ ಕೇರಿಯ ಪಟ್ಟಿಗೆ. ಸಾಗರದ ಕಡೆಯದು ನವೆಂಬರಿನಲ್ಲೇ ಒಂದೂ ತಕರಾರಿಲ್ಲದೆ ಮುಗಿದು ಎಣ್ಣೆಯೂ ಹಂಚಿ ಆಗಿತ್ತು. ಈಗ ಹೊಸನಗರ, ತೀರ್ಥಹಳ್ಳಿಯ ಸರದಿ. ಸೋಮವಾರ ಬೆಳಿಗ್ಗೆ ಜೀಪು ಹೊರಡಬೇಕು. ಇಂಥ ಹೊತ್ತಿನಲ್ಲಿ ನಲವತ್ತೊಂದು ಕೇರಿಗಳು, ಅಂದರೆ ನಾನೂರಕ್ಕೂ ಹೆಚ್ಚು ಮನೆಗಳು, ಡೇಟಾಬೇಸಿಗೆ ಬರುವ ದಾರಿಯಲ್ಲಿ ಎಲ್ಲೋ ಇಳಿದುಹೋಗಿದ್ದವು.

ಡೇಟಾಬೇಸನ್ನು ಕೂರಿಸಿಕೊಟ್ಟವನು ಸಾಗರದ ಶ್ರೀಕಾಂತ. ಈಗ ಬೇರೆ ಕೆಲಸದಲ್ಲಿದ್ದಾನೆ, ಫೋನಿನಲ್ಲಿ ಸಲಹೆ ಕೊಡುತ್ತಾನೆ. ಅವನ ಸಲಹೆ ಅಂದರೆ ಹೊಟ್ಟೆನೋವು ಅಂದವರಿಗೆ ಬಿಸಿನೀರು ಕುಡಿಯಿರಿ ಅಂದ ಹಾಗೆ.

"ಮೇಡಂ, ನಕ್ಷೆ ಇನ್ನೊಂದ್ಸಲ ಇಳಿಸ್ಕೊಂಡು ನೋಡಿ."

"ಮೂರು ಸಲ ಇಳಿಸಿ ಆಯ್ತು ಶ್ರೀಕಾಂತ್."

"ಹಂಗಾದ್ರೆ ಸಿಸ್ಟಮ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಕರೆಂಟೇ ಎರಡು ಸಲ ಆಫ್ ಮಾಡಿ ಆನ್ ಮಾಡ್ತು. ಇಷ್ಟು ಸಾಕಾಗಲ್ವಾ?"

"ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಬರ್ತಿದೆಯಲ್ಲ ಮೇಡಂ."

ಈ ಕೊನೆಯ ಮಾತು ಕೇಳಿದಾಗ ಅಮಿತಾಳಿಗೆ ಫೋನಿನೊಳಗೆ ಕೈಹಾಕಿ ಅವನ ಕಿವಿ ಹಿಂಡಬೇಕು ಅನಿಸಿತು. ಅವನ ಲ್ಯಾಪ್‌ಟಾಪಿನಲ್ಲಿ ಇರುವುದು ಸಾಗರದ ನಕ್ಷೆ. ಅದು ಇಲ್ಲಿಯೂ ಸರಿಯಾಗೇ ಬಂದಿತ್ತು.

ನಾಲ್ಕನೆಯ ಸಲ ತುಂಬಿದಳು. ಪರದೆಯ ಮೇಲೆ ಸಾಲು ಸಾಲು ಅಕ್ಷರ ಓಡಿ, ಕೊನೆಗೆ ಕೆಲಸ ಯಶಸ್ವಿಯಾಗಿ ಮುಗಿಯಿತು ಎಂಬ ಸಾಲು ಬಂತು. ನಲವತ್ತೊಂದು ಕೇರಿಗಳನ್ನು ನುಂಗಿ ನೀರು ಕುಡಿದು ಯಶಸ್ವಿಯಂತೆ! ತಪ್ಪಾಗಿದೆ ಎಂದಾದರೂ ಹೇಳಿದ್ದರೆ ಆ ತಪ್ಪಿನ ಬಾಲ ಹಿಡಿದು ಹೋಗಬಹುದಿತ್ತು. ಹೀಗೆ ಬಾಯಿ ಮುಚ್ಚಿಕೊಂಡು ಬಿಟ್ಟುಬರುವವರ ಜೊತೆ ಜಗಳ ಆಡುವುದಾದರೂ ಹೇಗೆ?

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಲಿಂಗನಮಕ್ಕಿಯ ಹಿನ್ನೀರು. ಗುಡ್ಡದ ಸಂದುಸಂದಿಗೆ ನುಗ್ಗಿ, ನಡುಗಡ್ಡೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಚಾಪೆಗೆ ಹರಡಿದ ಅಕ್ಕಿಯ ಹಾಗೆ ಹರಡಿಕೊಂಡ ಆ ನೀರು ಒಂದು ಚೂರೂ ಮುಕ್ಕಾಗದೆ ಡೇಟಾಬೇಸಿನಲ್ಲಿ ನೀಲಿಯಾಗಿ ಕೂತಿತ್ತು. ಅಷ್ಟು ದೊಡ್ಡದನ್ನು ತಂದ ಯಂತ್ರಕ್ಕೆ ಅರಳಸುರಳಿ ಕಡೆಯ ಒಂಬತ್ತು ಮನೆಯ ಕೇರಿಯೊಂದನ್ನು ತರಲು ಕೈ ಬರಲಿಲ್ಲ.

ಮಧ್ಯಾಹ್ನ ಶ್ರೀಕಾಂತ ಯಾವುದನ್ನು ಪಾಲಿಗಾನ್ ಮಾಡಬೇಕು, ಯಾವುದನ್ನು ಮಾಡಬಾರದು ಎಂದು ಹೇಳುವ ಫೈಲೊಂದನ್ನು ತಿದ್ದಲು ಹೇಳಿದ. ತಿದ್ದಿದಳು. ಈಗ ಕೇರಿಗಳು ಸೊನ್ನೆ. ನೂರ ಎಪ್ಪತ್ತೊಂದೂ ಹೋದವು. ಪ್ಲೈವುಡ್ಡಿನ ಆಚೆಗೆ ಹೊಲಿಗೆ ಯಂತ್ರ ಪೂರ್ತಿ ನಿಂತೇಹೋಯಿತು. ತಿದ್ದಿದ್ದನ್ನು ಅಳಿಸಿ ಮೊದಲಿನಂತೆ ಮಾಡಿದ ಮೇಲೆ ಮತ್ತೆ ನೂರ ಎಪ್ಪತ್ತೊಂದು ಬಂದಾಗ, ಅದೇ ಹಾಳು ಸಂಖ್ಯೆಯನ್ನು ನೋಡಿ ಅವಳಿಗೆ ಸಮಾಧಾನವಾಯಿತು. ಮನುಷ್ಯನನ್ನು ಇಂಥ ಗತಿಗೆ ತರುವುದೆಂದರೆ ಸಾಮಾನ್ಯವೇ?

ಗುರುವಾರ ಬೆಳಿಗ್ಗೆ ಶ್ರೀಕಾಂತ ತಾನಾಗಿ ಫೋನು ಮಾಡಿದ. "ಮೇಡಂ, ಪಾಲಿಗಾನ್ ಪಟ್ಟೀಲಿ ಇಲ್ಲ ಅಂದ್ರೆ, ಗೆರೆಗಳ ಪಟ್ಟೀಲಿ ಏನಾದ್ರೂ ಬಿದ್ದಿದ್ಯಾ ನೋಡಿ. ರಸ್ತೆ, ಹಳ್ಳ ಎಲ್ಲ ಇರುತ್ತಲ್ಲ, ಅಲ್ಲಿ." ಎರಡು ದಿನದಲ್ಲಿ ಅವನು ಆಡಿದ ಮೊದಲ ಕೆಲಸದ ಮಾತು ಇದು.

ನೋಡಿದರೆ ಅಲ್ಲಿದ್ದವು, ನಲವತ್ತೊಂದೂ. ರಸ್ತೆಗಳ ಜೊತೆ, ಹಳ್ಳಗಳ ಜೊತೆ, ಕರೆಂಟು ಲೈನಿನ ಜೊತೆ, ಹೆಸರು ಸಮೇತ ಹಾಯಾಗಿ ಮಲಗಿದ್ದವು. ಅಮಿತಾ ಮೊದಲನೆಯದನ್ನು ತೆರೆದು ನೋಡಿದಳು. ದುಂಡಗಿದೆ, ಸುತ್ತಿದೆ, ಎಲ್ಲ ಸರಿಯಿದೆ. ಹತ್ತಿರ ಮಾಡಿದಳು, ಸರಿಯಿದೆ. ಇನ್ನೂ ಹತ್ತಿರ ಮಾಡಿ, ಕನ್ನಡಕ ಒರೆಸಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಾಗ ಗೆರೆ ಶುರುವಾದಲ್ಲಿಗೂ ಮುಗಿದಲ್ಲಿಗೂ ನಡುವೆ ಒಂದಿಷ್ಟೇ ಇಷ್ಟು ಸಂದು ಕಂಡಿತು. ನೆಲದ ಮೇಲೆ ಲೆಕ್ಕ ಹಾಕಿದರೆ ಎಂಟು ಅಡಿ. ಎರಡನೆಯದರಲ್ಲೂ ಸಂದು, ಏಳಡಿ. ಮೂರನೆಯದರಲ್ಲಿ ಒಂಬತ್ತು. ಸುತ್ತು ಮುಗಿಯದ ಗೆರೆ ಯಂತ್ರದ ಲೆಕ್ಕದಲ್ಲಿ ಬರೀ ಗೆರೆ, ಅದಕ್ಕೆ ಒಳಗೂ ಇಲ್ಲ, ಹೊರಗೂ ಇಲ್ಲ. ನಲವತ್ತೊಂದನ್ನೂ ಬರೆದ ಕೈ ಒಂದೇ: ಅರಳಸುರಳಿಯ ಹೂವಮ್ಮನದು.

ಹೂವಮ್ಮ ಅಂಗನವಾಡಿಯಲ್ಲಿ ಮೂವತ್ತೆರಡು ವರ್ಷ ಟೀಚರಾಗಿದ್ದು ನಿವೃತ್ತರಾದ ಹೆಂಗಸು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅವರು ನಡೆಯದ ಕಾಲುದಾರಿಯಿಲ್ಲ. ಮೊಮ್ಮಗಳು ಧನ್ಯಶ್ರೀಯ ಹತ್ತಿರ ಫೋನಿನಲ್ಲಿ ನಕ್ಷೆ ಬರೆಯುವುದನ್ನು ಕಲಿತು, ಉಳಿದವರೆಲ್ಲ ಐದಾರು ಕೇರಿ ಸುತ್ತಿ ಸುಸ್ತಾದಾಗ ಒಬ್ಬರೇ ನಲವತ್ತೊಂದು ಸುತ್ತಿದವರು. ಬಳಗದ ಸಭೆಯಲ್ಲಿ ಅವರಿಗೆ ಶಾಲು ಹೊದಿಸಿದವಳು ಅಮಿತಾಳೇ. ಆ ಶಾಲನ್ನು ಈಗಲೇ ಹೋಗಿ ಕಿತ್ತುಕೊಂಡು ಬರುವಷ್ಟು ಸಿಟ್ಟು ಬಂದಿತ್ತು ಅವಳಿಗೆ. ಫೋನು ಮಾಡಿದರೆ ವ್ಯಾಪ್ತಿಯ ಹೊರಗೆ. ಮತ್ತೆ ಮಾಡಿದರೆ ಮತ್ತೆ ಅದೇ. ಸಂಜೆಯವರೆಗೂ ಅದೇ.

ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಅಮಿತಾ ಹೂವಮ್ಮನ ಮನೆಯಂಗಳಕ್ಕೆ ಹೋಗಿ ನಿಂತಳು. ಹೂವಮ್ಮ ಕಾಳುಮೆಣಸಿನ ಕರೆಗಳಿಂದ ಕಾಳು ಬಿಡಿಸುತ್ತಿದ್ದರು.

"ಎಂತ ಮಾರಾಯ್ತಿ, ಹೇಳದೆ ಕೇಳದೆ ಬಂದ್ಯಲ್ಲ! ಬಾ, ಕೂತ್ಕ. ಕಾಫಿ ಮಾಡ್ತೀನಿ."

"ಕಾಫಿ ಆಮೇಲೆ ಹೂವಮ್ಮ. ನೀವು ಒಂದು ಕೇರೀನೂ ಪೂರ್ತಿ ಸುತ್ತಿಲ್ಲ. ಎಲ್ಲದ್ರಲ್ಲೂ ಎಂಟೆಂಟು ಅಡಿ ಬಿಟ್ಟಿದ್ದೀರಿ."

"ಹೌದು, ಬಿಟ್ಟಿದೀನಿ," ಎಂದರು ಹೂವಮ್ಮ, ಮೆಣಸಿನ ಕರೆಯಿಂದ ಕಣ್ಣೆತ್ತದೆ.

ಮರೆತೆ ಎನ್ನುತ್ತಾರೆ, ಗೊತ್ತಾಗಲಿಲ್ಲ ಎನ್ನುತ್ತಾರೆ, ಫೋನು ಸರಿಯಿರಲಿಲ್ಲ ಎನ್ನುತ್ತಾರೆ ಎಂದು ಮೂರಕ್ಕೂ ಉತ್ತರ ತಯಾರಿಟ್ಟುಕೊಂಡು ಬಂದಿದ್ದಳು ಅಮಿತಾ. ಇದು ಆ ಮೂರರಲ್ಲಿ ಇರಲಿಲ್ಲ.

"ಬೇಕಂತ್ಲೇ ಬಿಟ್ರಾ?"

"ದಣಪೆ ಇದ್ದಲ್ಲಿ ಬಿಡದೆ ಮತ್ತೇನು ಮಾಡಾದು? ಬೇಲಿ ಗುಂಟ ನಡೀರಿ, ಬೇಲಿ ಎಲ್ಲಿ ಹೋಗುತ್ತೋ ಅಲ್ಲಿ ಗೆರೆ ಹೋಗ್ಲಿ ಅಂತ ತರಬೇತೀಲಿ ಹೇಳಿದ್ದು ನೀನೇ ಅಲ್ವಾ? ದಣಪೇಲಿ ಬೇಲಿ ಎಲ್ಲಿರುತ್ತೆ?"

ಮಲೆನಾಡಿನ ಕೇರಿಗೆ, ತೋಟಕ್ಕೆ ಸುತ್ತ ಬೇಲಿ. ಒಳಗೆ ಹೋಗುವ ಕಡೆ ಎರಡು ಗೂಟ, ನಡುವೆ ಪಕ್ಕಕ್ಕೆ ಸರಿಸುವ ಬಿದಿರಿನ ಅಡ್ಡ ಗಳುಗಳು. ಅದು ದಣಪೆ. ಈಗೀಗ ಕಬ್ಬಿಣದ ಗೇಟು ಬಂದರೂ ಬಾಯಲ್ಲಿ ಅದು ದಣಪೆಯೇ. ಹೂವಮ್ಮ ದಣಪೆಯ ಬಲಗೂಟದಿಂದ ಹೊರಟು ಇಡೀ ಕೇರಿ ಸುತ್ತಿ ಎಡಗೂಟದ ಹತ್ತಿರ ಫೋನು ಆರಿಸಿದ್ದರು. ನಲವತ್ತೊಂದು ಸಲವೂ.

"ಅದೊಂದು ಎಂಟಡಿ ಸೇರಿಸಿ ಗೆರೆ ಎಳೆದಿದ್ರೆ ಏನು ಹೋಗ್ತಿತ್ತು ಹೂವಮ್ಮ?"

"ದಾರಿ ಹೋಗ್ತಿತ್ತು." ಹೂವಮ್ಮ ಈಗ ತಲೆಯೆತ್ತಿದರು. "ನಮ್ಮ ಮನೆ ದಾರಿ ಕತೆ ಗೊತ್ತುಂಟಾ ನಿಂಗೆ? ನಮ್ಮ ಮಾವನ ಕಾಲ್ದಲ್ಲಿ ಯಾರೋ ಬಂದು ಒಂದು ನಕ್ಷೆ ಬರ್ದು ಹೋದ್ರು. ಅದ್ರಲ್ಲಿ ದಣಪೆ ಜಾಗಕ್ಕೂ ಬೇಲಿ ಎಳೆದಿದ್ರು. ಪಕ್ಕದ ಮನೆಯವ್ರು ಅದನ್ನೇ ಹಿಡ್ಕಂಡು ಇಲ್ಲಿ ದಾರೀನೇ ಇಲ್ಲ ಅಂದ್ರು. ಹತ್ತೊಂಬತ್ತು ವರ್ಷ ಕೋರ್ಟು. ನನ್ನ ಅತ್ತೆ ಹೆಣಾನ ಗದ್ದೆ ಕೆಸರಲ್ಲಿ ಹೊತ್ಕಂಡು ಹೋಗಿದ್ದು. ಇನ್ನೊಬ್ಬರ ಮನೆ ದಣಪೆ ಮೇಲೆ ನಾನು ಗೆರೆ ಎಳೆಯಾದಾ? ನನ್ನ ಕೈಯಾರೆ?"

"ಇದು ಕೋರ್ಟಿನ ನಕ್ಷೆ ಅಲ್ಲ, ಎಣ್ಣೆ ಹಂಚೋ ನಕ್ಷೆ."

"ಅವಾಗ್ಲೂ ಕಂದಾಯದ ನಕ್ಷೆ ಅಂತಾನೇ ಹೇಳಿದ್ದು. ಯಾರು ಬೇಕಾದ್ರೂ ನೋಡ್ಬೋದು ಅಂತ ನೀನೇ ಹೇಳ್ತೀಯಲ್ಲ. ಯಾರು ಬೇಕಾದ್ರೂ ಅಂದ್ರೆ ವಕೀಲ್ರೂ ಬಂದ್ರು."

ಅಮಿತಾ ಜಗಲಿಯ ಮೇಲೆ ಕೂತಳು. ಸಿಟ್ಟು ಬರುತ್ತಿತ್ತು, ಆದರೆ ಹೂವಮ್ಮನ ಮಾತಿನಲ್ಲಿ ತಪ್ಪು ಸಿಗುತ್ತಿರಲಿಲ್ಲ. ಇವರ ಕೈಲಿ ದಣಪೆ ಮುಚ್ಚಿಸಲು ಆಗದು, ಮುಚ್ಚದೆ ನಾನೂರು ಮನೆಗೆ ಎಣ್ಣೆ ಹೋಗದು. ಕಾಫಿ ಬಂತು. ಕುಡಿಯುತ್ತಿರುವಾಗ ಅವಳಿಗೆ ನೆನಪಾದದ್ದು, ನಕ್ಷೆಯಲ್ಲಿ ಗೆರೆಯ ಮೇಲೆ ಗೇಟು ಎಂದು ಗುರುತು ಹಾಕಲು ಬರುತ್ತದೆ ಎಂಬುದು. ಸುತ್ತು ಮುಗಿಸಿ, ದಣಪೆ ಇರುವಲ್ಲಿ ಗೇಟಿನ ಚಿಹ್ನೆಯಿಟ್ಟು, ಅದರ ಮೂಲಕ ಒಳಗೆ ಹೋಗುವ ದಾರಿಯನ್ನೂ ಬರೆದುಬಿಟ್ಟರೆ? ಆಗ ದಾರಿಗೆ ಸಾಕ್ಷಿಯೇ ಸಿಕ್ಕಂತಾಯಿತು.

ಇದನ್ನು ಅವಳು ಹೇಳಿದಾಗ ಹೂವಮ್ಮ ಮೆಣಸನ್ನು ಬದಿಗಿಟ್ಟು ಕೇಳಿದರು. "ದಣಪೆ ಅಂತ ಎಲ್ರಿಗೂ ಕಾಣುತ್ತಾ?"

"ಕಾಣುತ್ತೆ."

"ದಾರಿನೂ?"

"ದಾರಿನೂ."

"ಹಂಗಾರೆ ಆಗ್ಲಿ. ಆದ್ರೆ ಒಂದೂ ಬಿಡೋ ಹಂಗಿಲ್ಲ. ನಾನು ಹೇಳ್ತಾ ಹೋಗ್ತೀನಿ, ನೀ ಹಾಕು."

ಊರಲ್ಲಿ ನೆಟ್‌ವರ್ಕ್ ಸಿಗುವುದು ಅಂಗನವಾಡಿಯ ಹಿಂದಿನ ನೀರಿನ ಟ್ಯಾಂಕಿನ ಬುಡದಲ್ಲಿ ಮಾತ್ರ. ಅಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂತರು. ನಲವತ್ತೊಂದು ದಣಪೆಗಳೂ ಹೂವಮ್ಮನ ತಲೆಯಲ್ಲಿದ್ದವು. ಇದು ಹಲಸಿನ ಮರದ ಬಲಕ್ಕೆ, ಇದು ಮೊದಲು ಕೆರೆ ಕಡೆಗಿತ್ತು ಈಗ ಈಚೆ ಬಂದಿದೆ, ಇದರ ಗಳು ಒಂದು ಮುರಿದಿದೆ. ಮುರಿದ ಗಳುವನ್ನು ನಕ್ಷೆಯಲ್ಲಿ ಹಾಕುವುದು ಬೇಡ ಎಂದು ಒಪ್ಪಿಸಲು ಐದು ನಿಮಿಷ ಹಿಡಿಯಿತು. ಇಪ್ಪತ್ತಮೂರನೆಯದರಲ್ಲಿ ನೆಟ್‌ವರ್ಕ್ ಹೋಯಿತು. ಬಂದ ಮೇಲೆ ಹೂವಮ್ಮ ಮತ್ತೆ ಒಂದರಿಂದ ಶುರುಮಾಡಿ ನೋಡೋಣ ಎಂದರು. ಅಮಿತಾ ಹಲ್ಲು ಕಚ್ಚಿಕೊಂಡು ನೋಡಿದಳು. ಕೊನೆಯ ದಣಪೆ ಮುಗಿದಾಗ ಅವಳ ಬಸ್ಸಿಗೆ ಹತ್ತು ನಿಮಿಷ ಉಳಿದಿತ್ತು.

ಶನಿವಾರ ಬೆಳಿಗ್ಗೆ ಹೊಸ ನಕ್ಷೆ ಇಳಿಸಿ ಡೇಟಾಬೇಸಿಗೆ ತುಂಬಿದಳು. ಇನ್ನೂರ ಹನ್ನೆರಡು.

ಅವಳು ಎದ್ದು ನಿಂತು ಪ್ಲೈವುಡ್ಡಿಗೆ ಎರಡು ಸಲ ಗುದ್ದಿ, "ಬಂತು ನಾರಾಯಣಮೂರ್ತಿಗಳೇ, ಎಲ್ಲಾ ಬಂತು!" ಎಂದಳು. "ಅಂತೂ ಬಂತಲ್ಲಮ್ಮ, ಇನ್ನು ನಾನೂ ನೆಮ್ಮದೀಲಿ ಹೊಲೀಬೋದು," ಎಂದು ಆ ಕಡೆಯಿಂದ ಉತ್ತರ ಬಂತು.

ಇನ್ನು ಪಟ್ಟಿ ಮುದ್ರಿಸುವುದೊಂದೇ ಬಾಕಿ. ಅದಕ್ಕೆ ಮೊದಲು ಒಂದು ಕೊನೆಯ ಪ್ರಶ್ನೆಯನ್ನು ಡೇಟಾಬೇಸಿಗೆ ಕೇಳಿದಳು. ಮೂರೂ ತಾಲ್ಲೂಕು ಸೇರಿಸಿ, ಯಾವ ಕೇರಿಯ ಒಳಗೂ ಬೀಳದ ಮನೆ ಎಷ್ಟು? ಈ ಪ್ರಶ್ನೆಯನ್ನು ಇಷ್ಟು ದಿನ ಕೇಳಿರಲಿಲ್ಲ. ಕೇರಿಗಳೇ ಇಲ್ಲದ ಮೇಲೆ ಮನೆಗಳು ಹೊರಗೆ ಬೀಳುವುದು ಸಹಜ ಅಂದುಕೊಂಡಿದ್ದಳು. ಸಾಗರದ ಪಟ್ಟಿ ಮಾಡುವಾಗಲೂ ಕೇಳಿರಲಿಲ್ಲ. ಅಲ್ಲಿ ಎಲ್ಲ ಕೇರಿಗಳೂ ಬಂದಿದ್ದವಲ್ಲ. ಉತ್ತರ ಸೊನ್ನೆ ಬರುತ್ತದೆಂದು ಬೆರಳು ಮುದ್ರಣದ ಗುಂಡಿಯ ಮೇಲೇ ಇತ್ತು.

ಅರವತ್ತಮೂರು ಬಂತು.

ಅವಳು ಸಿಡಿದುಬಿದ್ದಳು. ಶ್ರೀಕಾಂತನಿಗೆ ಫೋನು ಮಾಡಿ, ಮೂರು ದಿನದಿಂದ ಕೂಡಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನಿಮ್ಮ ಡೇಟಾಬೇಸು, ನಿಮ್ಮ ಫೈಲು, ನಿಮ್ಮ ಯಶಸ್ವಿ. ಅವನು ಹೊಸ ನಕ್ಷೆಯನ್ನು ಇಳಿಸಿಕೊಂಡ. ಅವನ ಲ್ಯಾಪ್‌ಟಾಪಿನಲ್ಲಿಯೂ ತೆರೆದು ನೋಡಿದ.

"ಮೇಡಂ, ಇದರಲ್ಲಿ ತಪ್ಪೇನಿಲ್ಲ. ಎಲ್ಲಾ ಪಾಲಿಗಾನೂ ಸರಿ ಇದೆ. ಈ ಮನೆಗಳು ಹೊರಗೇ ಇವೆ."

"ಹೊರಗೆ ಅಂದ್ರೆ?"

"ಗೆರೆಯಿಂದ ಹೊರಗೆ. ಸಾಗರದ್ದೂ ಹತ್ತೊಂಬತ್ತು ಇದೆ, ನೋಡಿ."

ಸಾಗರದ ಹತ್ತೊಂಬತ್ತನ್ನು ತೆರೆದಳು. ಒಂದು ಬೇಲಿಯ ಪಕ್ಕಕ್ಕೆ, ಒಂದು ಹಳ್ಳದ ಆಚೆ, ಎರಡು ಕಲ್ಲು ಕ್ವಾರಿಯ ಹತ್ತಿರ. ಐದನೆಯ ಸಾಲಿನಲ್ಲಿ ಕಲ್ಲುಕೊಪ್ಪ ಎಂದಿತ್ತು. ಕಲ್ಲುಕೊಪ್ಪವನ್ನು ಬರೆದವಳು ಬೇರೆ ಯಾರೂ ಅಲ್ಲ, ಅವಳೇ. ಏಪ್ರಿಲಿನಲ್ಲಿ ತವರಿಗೆ ಹೋದಾಗ, ಬೇಲಿ ಗುಂಟ ಒಂದು ಸುತ್ತು ನಡೆದು, ಶುರುಮಾಡಿದ ಜಾಗಕ್ಕೇ ತಂದು ಸೇರಿಸಿದ್ದಳು. ಒಂದಂಗುಲ ಸಂದೂ ಬಿಟ್ಟಿರಲಿಲ್ಲ. ತರಬೇತಿಯಲ್ಲಿ ಎಲ್ಲರಿಗೂ ಮಾದರಿಯೆಂದು ತೋರಿಸುತ್ತಿದ್ದದ್ದು ಅದನ್ನೇ.

ಚಿತ್ರವನ್ನು ಹತ್ತಿರ ಮಾಡಿದಳು. ಹನ್ನೊಂದು ಮಾಡು ಗೆರೆಯ ಒಳಗೆ. ದಣಪೆಯಿಂದ ಹೊರಗೆ, ರಸ್ತೆಯ ಬದಿಗೆ, ಒಂದು ಸಣ್ಣ ಮಾಡು. ಕಾಲೇಜಿನ ಹುಡುಗಿ ಮೇಲಿನಿಂದ ನೋಡಿ ಗುರುತು ಹಾಕಿದ್ದಳು. ಮೇಲಿನಿಂದ ನೋಡಿದವಳಿಗೆ ಮಾಡು ಕಂಡಿತ್ತು, ಅದು ಯಾರದೆಂದು ಗೊತ್ತಿರಲಿಲ್ಲ. ಅಮಿತಾಳಿಗೆ ಗೊತ್ತಿತ್ತು. ಅದು ಚೌಡಮ್ಮನ ಮನೆ. ಅಮಿತಾಳಿಗೆ ಬುದ್ಧಿ ಬಂದಾಗಿನಿಂದ ದಿನಾ ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ತವರಿನ ಕೊಟ್ಟಿಗೆಗೆ ಸೊಪ್ಪು ತಂದುಹಾಕುವ ಚೌಡಮ್ಮ. ಏಪ್ರಿಲಿನ ಆ ದಿನವೂ ಸೊಪ್ಪಿನ ಹೊರೆ ಹೊತ್ತುಕೊಂಡು ದಣಪೆಯ ಬಾಯಲ್ಲಿ ಎದುರಾಗಿದ್ದಳು. ಅಮಿತಾ ಫೋನಿನಿಂದ ಕಣ್ಣೆತ್ತದೆ, "ಚೌಡಮ್ಮ, ಸ್ವಲ್ಪ ಆಚೆ ಸರಿ, ಗೆರೆ ಹಿಡೀತಾ ಇದೀನಿ," ಎಂದಿದ್ದಳು. ಚೌಡಮ್ಮ ಹೊರೆ ಸಮೇತ ಪಕ್ಕಕ್ಕೆ ಸರಿದು ನಿಂತಿದ್ದಳು.

ಅಮಿತಾ ಅಣ್ಣ ಹರಿಪ್ರಸಾದನಿಗೆ ಫೋನು ಹಚ್ಚಿ ಮನೆಯ ಹವ್ಯಕ ಮಾತಿಗೆ ಹೊರಳಿದಳು.

"ಅಣ್ಣ, ಬಳಗದ ಎಣ್ಣೆ ಬಂತಲ, ಚೌಡಮ್ಮಂಗೆ ಕೊಟ್ಟಿದ್ವಾ?"

"ಇಲ್ಲೆ. ಅದು ಪಟ್ಟಿಲಿ ಇಲ್ಲೆ ಅಡ. ಪಟ್ಟಿಲಿ ಇಲ್ದವಕ್ಕೆ ಕೊಡಡಿ ಹೇಳಿ ನಿಂಗಳದೇ ಕಾಯ್ದೆ ಅಲ್ದಾ?"

"ನಿನ್ನ ಬಾಟ್ಲಿ ಎಂತ ಮಾಡಿದೆ?"

"ಎಂತ ಮಾಡದು? ಒಡೆದಿದ್ದಿಲ್ಲೆ, ಎರಡೂ ಹಾಂಗೇ ಇದ್ದು. ಎಂಗಳ ಮನೇಲಿ ಯಾರು ಬೆಟ್ಟಕ್ಕೆ ಹೋಗ್ತ?"

"ಅದನ್ನಾದ್ರೂ ಈಗ್ಲೇ ಕೊಡು ಅಣ್ಣ. ಚೌಡಮ್ಮ ಈಗ ಎಲ್ಲಿದ್ದು?"

"ಅದು ಮೂರು ದಿನಾತು, ಕೆಲಸಕ್ಕೆ ಬೈಂದಿಲ್ಲೆ. ಜ್ವರ ಅಡ."

ಅವಳು ಕೂಗಿದ ಕೂಗಿಗೆ ನಾರಾಯಣಮೂರ್ತಿ ಟೇಪು ಕೊರಳಲ್ಲಿ ನೇತಾಡಿಸಿಕೊಂಡೇ ಬಾಗಿಲಿಗೆ ಓಡಿಬಂದ. ಕಾರು ತೆಗೆ, ಊಟ ಆಮೇಲೆ ಮಾಡು, ಸಾಗರದ ಆಸ್ಪತ್ರೆಗೆ ಹೋಗು, ಬೆಟ್ಟಕ್ಕೆ ಹೋಗಿದ್ದವಳು ಎಂದು ಡಾಕ್ಟರಿಗೆ ಮೊದಲು ಹೇಳು ಎಂದು ಅಣ್ಣನನ್ನು ಅಟ್ಟಿದಳು. ಹರಿಪ್ರಸಾದ ಕೆಟ್ಟವನಲ್ಲ. ಇಪ್ಪತ್ತು ನಿಮಿಷದಲ್ಲಿ ಚೌಡಮ್ಮನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ. ಅವನಿಗೂ ಯಾರಾದರೂ ಹೇಳಬೇಕಿತ್ತು, ಅಷ್ಟೇ. ಕೂಗಳತೆಯ ಮನೆಯಲ್ಲಿ ಮೂರು ದಿನ ಜ್ವರ ಕಾದಿದ್ದು ಅವನಿಗೆ ಗೊತ್ತಿತ್ತು, ಆದರೆ ಹೋಗಿ ನೋಡಬೇಕೆಂದು ಹೊಳೆದಿರಲಿಲ್ಲ.

ಮಂಗನ ಕಾಯಿಲೆಯೇ ಎಂದು ಮಂಗಳವಾರ ವರದಿ ಬಂತು. ಅಷ್ಟರಲ್ಲಿ ಅರವತ್ತಮೂರು ಮನೆಗಳ ಹೆಸರೂ ಪಟ್ಟಿಗೆ ಸೇರಿತ್ತು. ಸೋಮವಾರದ ಜೀಪನ್ನು ಅಮಿತಾ ಸಂಜೆಯವರೆಗೆ ತಡೆದು, ತೀರ್ಥಹಳ್ಳಿ ಕಡೆಯ ಹೊರಗಿನ ಮನೆಗಳದ್ದೆಲ್ಲ ಹೂವಮ್ಮನ ಹತ್ತಿರ ಕೇಳಿ ಬರೆದುಕೊಂಡಿದ್ದಳು. "ಅಯ್ಯೋ, ಅವ್ರ ಮನೆ ನನಗೆ ಗೊತ್ತಿಲ್ವಾ? ಅವ್ರ ಮಕ್ಕಳಿಗೆಲ್ಲ ನಾನೇ ಉಪ್ಪಿಟ್ಟು ಹಾಕಿದ್ದು," ಎಂದು ಒಂದೊಂದು ಹೆಸರಿಗೂ ಹೂವಮ್ಮ ಹಣೆ ಚಚ್ಚಿಕೊಂಡಿದ್ದರು. ಸಾಗರದ ಹತ್ತೊಂಬತ್ತು ಮನೆಗೆ ಅಮಿತಾಳೇ ಬಾಟಲಿ ಹೊತ್ತುಕೊಂಡು ಹೋದಳು.

ಹತ್ತನೆಯ ದಿನ ಚೌಡಮ್ಮ ದಿಂಬಿಗೆ ಒರಗಿ ಕೂರುವಷ್ಟು ಆಗಿದ್ದಳು. ಅಮಿತಾ ಆಸ್ಪತ್ರೆಗೆ ಹೋಗಿ, ಗಂಜಿಯ ಲೋಟ ಕೈಗೆ ಕೊಟ್ಟು, ಮಂಚದ ತುದಿಗೆ ಕೂತು ಎಲ್ಲವನ್ನೂ ಹೇಳಿದಳು. ನಕ್ಷೆ ಬರೆದವಳು ನಾನೇ, ನಿನ್ನ ಮನೆ ಬಿಟ್ಟವಳು ನಾನೇ, ಪಟ್ಟಿಯಲ್ಲಿ ಇಲ್ಲದವರಿಗೆ ಎಣ್ಣೆ ಕೊಡಬೇಡಿ ಎಂದವಳೂ ನಾನೇ. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೌಡಮ್ಮ ಬೈಯಲಿ ಎಂದು ಕಾದಳು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಚೌಡಮ್ಮ ಗಂಜಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳನ್ನೇ ಸಮಾಧಾನ ಮಾಡಿದಳು. "ಅದ್ಕೆಂತಕ್ಕೆ ಅಳ್ತೀರಿ ಅಮಿತಮ್ಮ? ನಮ್ದು ದಣಪೆಯಿಂದ ಹೊರಗಿನ ಮನೆ ಅಲ್ವ್ರಾ. ಕೇರಿ ಲೆಕ್ಕಕ್ಕೆ ಎಲ್ಲಿ ಬರ್ತೈತೆ? ನೀವು ಸರಿಯಾಗೇ ಬರ್ದೀರಿ."

ಅಮಿತಾಳಿಗೆ ಸಿಟ್ಟು ನೆತ್ತಿಗೇರಿತು, ಅಷ್ಟು ದಿನದಲ್ಲಿ ಒಮ್ಮೆಯೂ ಬಾರದಷ್ಟು. ಯಾರ ಮೇಲೆಂದು ಈ ಸಲ ಹೊರಗೆ ಹುಡುಕುವ ಕೆಲಸವಿರಲಿಲ್ಲ.